ನಾಯಿ ಅಡ್ಡ ಬಂದಿತ್ತಂತೆ

ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಗೇರ್‌ಬಾಕ್ಸು ಕೂತಿತ್ತು. ಅಡಿಯಲ್ಲಿ ಹಳೆಯ ಪತ್ರಿಕೆ ಹಾಸಿದ್ದರೂ ಎಣ್ಣೆ ಅದನ್ನು ನೆನೆಸಿ, ಮೇಜಿನ ಮರಕ್ಕಿಳಿದು, ಅಂಚಿನಿಂದ ತೊಟ್ಟಿಕ್ಕುತ್ತಿತ್ತು. ತೊಟ್ಟಿಕ್ಕುತ್ತಿದ್ದದ್ದು ಕೆಳಗಿಟ್ಟಿದ್ದ ಬಿಳಿ ಬಟ್ಟೆಯ ಥಾನಿನ ಮೇಲೆ. ಶಾಲೆಯ ಮಕ್ಕಳ ಅಂಗಿಗೆಂದು ತಂದಿಟ್ಟ ಥಾನು. ಅಂಗಡಿಯಿಂದ ದಾರ, ಗುಂಡಿ ತಂದವಳು ಚೀಲ ಕೆಳಗಿಡದೆ ಹಾಗೇ ನಿಂತಳು.

"ಏನ್ರೀ ಇದು?"

ಕಾರಿನ ಅಡಿಯಲ್ಲಿ ಮಲಗಿದ್ದ ಗಂಡನ ಕಾಲುಗಳು ಮಾತ್ರ ಹೊರಗಿದ್ದವು. "ಗೇರ್‌ಬಾಕ್ಸು," ಎಂದವು ಕಾಲುಗಳು.

"ಗೇರ್‌ಬಾಕ್ಸು ಅಂತ ನನಗೂ ಕಾಣುತ್ತೆ. ನನ್ನ ಮೇಜಿನ ಮೇಲೆ ಯಾಕೆ ಕೂತಿದೆ?"

"ನೆಲದ ಮೇಲಿಟ್ರೆ ಮಣ್ಣು ಸೇರುತ್ತೆ ಕಣೇ. ಒಳಗೆಲ್ಲ ಸೂಕ್ಷ್ಮ."

"ಬಟ್ಟೆಗೆ ಎಣ್ಣೆ ಹತ್ತಿದ್ರೆ ಪರವಾಗಿಲ್ವಾ?"

"ಸೋಪು ಹಾಕಿದ್ರೆ ಹೋಗುತ್ತೆ ಬಿಡು. ಒಂದು ವಾರ, ಅಷ್ಟೆ."

ಬೀದಿಯವರೆಲ್ಲ ಅವಳನ್ನು ಟೈಲರಮ್ಮ ಎಂದೇ ಕರೆಯುತ್ತಿದ್ದರು. ಮನೆಯ ಹಿಂದಿನ ತಗಡಿನ ಶೆಡ್ಡಿನ ಅರ್ಧ ಅವಳದು. ಮೇಜು, ಮೋಟಾರು ಹಾಕಿದ ಹೊಲಿಗೆ ಯಂತ್ರ, ಇಸ್ತ್ರಿ ಹಲಗೆ, ಅಳತೆಗೆ ಬಂದವರಿಗೆ ಒಂದು ಕುರ್ಚಿ. ಇನ್ನರ್ಧ ಕಾರಿನದು. ಟಾರ್ಪಾಲು ಹೊದ್ದು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ನಿಂತಲ್ಲೇ ನಿಂತಿದ್ದ ಕೆಂಪು ಕಾರು. ಮುಂದೆ ಎರಡೇ ಬಾಗಿಲು, ಹಿಂದೆ ಮೇಲಕ್ಕೆತ್ತುವ ಡಿಕ್ಕಿ, ಕುಳ್ಳ ಮೈ, ಆ ಮೈಗೆ ಮೀರಿದ ಎಂಜಿನ್. ನೋಡೋಕೆ ಮೊಲ, ಓಡೋಕೆ ಚಿರತೆ ಎಂದು ಗಂಡ ಆಗ ಹೇಳಿಕೊಳ್ಳುತ್ತಿದ್ದ. ಅದರ ಎಡಮಗ್ಗುಲು ಜಜ್ಜಿಹೋಗಿತ್ತು. ಸೇತುವೆಯ ಕಟ್ಟೆಗೆ ಬಡಿದ ಮಗ್ಗುಲು ಅದು. ಆವತ್ತು ಆ ಮಗ್ಗುಲಲ್ಲಿ ಕೂತಿದ್ದವಳು ಟೈಲರಮ್ಮ. ಆಮೇಲೆ ಅವಳ ಎಡಗಾಲು ಬಲಗಾಲಿಗಿಂತ ಒಂದು ಬೆರಳು ಗಿಡ್ಡವಾಯಿತು, ಮಂಡಿ ಪೂರ್ತಿ ಮಡಚದಾಯಿತು. ಅದಕ್ಕೆ ಮೊದಲು ಅವಳು ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವ ವಿಭಾಗದಲ್ಲಿದ್ದಳು. ಆ ವಿಭಾಗಕ್ಕೇ ಮೇಲ್ವಿಚಾರಕಿಯಾಗುವ ಮಾತು ನಡೆದಿತ್ತು. ದಿನವಿಡೀ ನಿಂತು ಮಾಡುವ ಕೆಲಸ. ಕಾಲು ಹೋದ ಮೇಲೆ ಆ ಕೆಲಸವೂ ಹೋಯಿತು. ಶೆಡ್ಡು ಉಳಿಯಿತು.

ನಾಯಿ ಅಡ್ಡ ಬಂದಿತ್ತು ಎನ್ನುವುದು ಮನೆಯ ಮಾತು. ನಾಯಿಯನ್ನು ಉಳಿಸಲು ಹೋಗಿ ಕಾರು ಕಟ್ಟೆಗೆ ಬಡಿಯಿತಂತೆ. ಮಕ್ಕಳಿಬ್ಬರೂ ಆ ಕತೆ ಕೇಳುತ್ತಲೇ ಬೆಳೆದಿದ್ದರು.

ಗಂಡ ಬಾಟಲಿ ತುಂಬುವ ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿದ್ದವನು. ನಿವೃತ್ತನಾದ ಮೇಲೆ ಅವನ ಕೈಗೆ ಕೆಲಸ ಕಡಿಮೆಯಾಗಿ ಬಾಯಿಗೆ ಹೆಚ್ಚಾಗಿತ್ತು. ಪಾತ್ರೆ ಯಾವ ಕ್ರಮದಲ್ಲಿ ತೊಳೆಯಬೇಕು, ಒಲೆಯ ಉರಿ ಎಷ್ಟಿರಬೇಕು, ಬಟ್ಟೆ ಒಣಗಿಸುವ ಹಗ್ಗ ಎಷ್ಟು ಬಿಗಿ ಇರಬೇಕು ಎಂದು ಹೆಂಡತಿಯ ಬೆನ್ನ ಹಿಂದೆಯೇ ಸುತ್ತುತ್ತಿದ್ದ. "ಕೆಲಸ ಇಲ್ಲದ ಬಡಗಿ ಮಗನ ಕುಂಡೆ ಕೆತ್ತಿದನಂತೆ. ಏನಾದ್ರೂ ಕೈಗೆ ತಗೊಳ್ಳೋ ಮಾರಾಯ," ಎಂದು ಅವನ ತಾಯಿಯೇ ಬೈದರು. ಮಾರನೆಯ ಬೆಳಿಗ್ಗೆ ಅವನು ಟಾರ್ಪಾಲು ಎಳೆದ.

ಗೇರ್‌ಬಾಕ್ಸು ಮೇಜೇರಿದ ಸಂಜೆ ಉಣ್ಣಲು ಕೂತಾಗ ಊಟದ ಮೇಜಿನ ಅರ್ಧದಲ್ಲಿ ತಟ್ಟೆಗಳಿದ್ದವು, ಇನ್ನರ್ಧದಲ್ಲಿ ಕತ್ತರಿಸಿದ ತೋಳುಗಳು, ಕಾಲರುಗಳು. ಮಂಡಿ ಮಡಚದವಳು ನೆಲದ ಮೇಲೆ ಕೂತು ಕತ್ತರಿಸುವುದು ಆಗದ ಮಾತು. ಊಟದ ಮೇಜೊಂದೇ ಉಳಿದಿದ್ದು.

"ನನ್ನ ಅನ್ನದಲ್ಲಿ ದಾರ ಇದೆ," ಎಂದರು ಅತ್ತೆ.

"ನಿಮ್ಮ ಮಗನ ಅನ್ನದಲ್ಲಿ ಗ್ರೀಸು ಇದೆ, ಅವರು ಸುಮ್ನೆ ತಿಂತಿದ್ದಾರಲ್ಲ," ಎಂದಳು ಟೈಲರಮ್ಮ.

ಮಗಳು ಆಸ್ಪತ್ರೆಯಲ್ಲಿ ನರ್ಸು. ಅವಳು ಸಮವಸ್ತ್ರದಲ್ಲೇ ಊಟಕ್ಕೆ ಕೂತಿದ್ದಳು. "ಅಪ್ಪ, ಅಮ್ಮನ ಮೇಜು ಅಮ್ಮನಿಗೆ ಕೊಡಿ," ಎಂದಳು.

"ಕೊಡ್ತೀನಮ್ಮ. ಎಲ್ಲಿಗೂ ಓಡಿಹೋಗ್ತಿಲ್ಲ ನಾನು."

"ನೀವು ಹೋಗಲ್ಲ. ಆದ್ರೆ ಅಮ್ಮನ ಅಂಗಿ ಹೋಗಬೇಕಲ್ಲ, ಶಾಲೆ ಶುರುವಾಗೋದ್ರೊಳಗೆ."

ಫೋರ್‌ಮನ್ ಮೊಟ್ಟೆ ಬಿಡಿಸುತ್ತ ನಕ್ಕ. ಅವನು ನಗುತ್ತಿರುವುದನ್ನು ಮನೆಯವರು ನೋಡಿ ಬಹಳ ದಿನವಾಗಿತ್ತು. ಹಾಗಾಗಿ ಆ ಮಾತು ಅಲ್ಲಿಗೇ ನಿಂತಿತು.

*

ಒಂದು ವಾರ ಹೋಯಿತು, ಇನ್ನೊಂದು ವಾರವೂ ಹೋಯಿತು. ಗೇರ್‌ಬಾಕ್ಸು ಅಲ್ಲೇ ಇತ್ತು. ಅದಕ್ಕೆ ಜೊತೆಯಾಗಿ ಕಾರ್ಬ್ಯುರೇಟರೂ ಬಂತು. ತುಕ್ಕು ಎಂದರೆ ಎಂಥ ತುಕ್ಕು! ಬಾಗಿಲ ಕೆಳಗಿನ ಪಟ್ಟಿಯನ್ನು ಸ್ಕ್ರೂಡ್ರೈವರಿನಿಂದ ಒತ್ತಿದರೆ ಅದು ಬಿಸ್ಕತ್ತಿನ ಹಾಗೆ ಪುಡಿಯಾಗುತ್ತಿತ್ತು. ಕಾಲಿಡುವ ತಳದಲ್ಲಿ ಬೆಕ್ಕು ನುಸುಳುವಷ್ಟು ತೂತು. ಫೋರ್‌ಮನ್ ಹೊಸ ತಗಡು ಕತ್ತರಿಸಿ, ಬಾಡಿಗೆಗೆ ವೆಲ್ಡಿಂಗ್ ಯಂತ್ರ ತಂದು, ತೂತಿಗೆ ತೇಪೆ ಹಾಕಿದ. ಉಜ್ಜಿದ, ಪುಟ್ಟಿ ಮೆತ್ತಿದ, ಮತ್ತೆ ಉಜ್ಜಿದ. ಗಾಳಿಯಲ್ಲಿ ತುಕ್ಕಿನ ಧೂಳು ತೇಲಿ ಬಂದು ಬಿಳಿ ಅಂಗಿಗಳ ಮೇಲೆ ಕೂರುತ್ತಿತ್ತು. ಟೈಲರಮ್ಮ ಹೊಲಿದದ್ದನ್ನೆಲ್ಲ ಮತ್ತೊಮ್ಮೆ ಒಗೆದು, ಇಸ್ತ್ರಿ ಮಾಡಿ ಕಳಿಸಿದಳು. ಒಗೆಯುವ ಕಲ್ಲಿನ ಪಕ್ಕ ಗಂಡನ ಎಣ್ಣೆ ಬಟ್ಟೆಗಳ ಗುಡ್ಡೆ ಬೇರೆ.

ಬಣ್ಣದ ಅಂಗಡಿಯಲ್ಲಿ ಕೆಲಸ ಮಾಡುವ ಮಗನೂ ಅಪ್ಪನ ಜೊತೆ ಸೇರಿದ. ಅಪ್ಪ ಮಗ ಮಾತಾಡಿಕೊಂಡದ್ದೇ ಅಪರೂಪವಾಗಿದ್ದ ಮನೆಯಲ್ಲಿ ಈಗ ಬೆಳಿಗ್ಗೆಯಿಂದ ಅದೇ ಮಾತು. ರಜೆಯ ದಿನ ಉದ್ದಣ್ಣನೂ ಬರತೊಡಗಿದ. ಉದ್ದಣ್ಣ ಗಂಡನ ಹಳೆಯ ಗೆಳೆಯ, ಟೈರಿನ ಅಂಗಡಿಯವನು. ಬಾಗಿಲಿಗೆ ತಲೆ ತಾಗದಂತೆ ಬಗ್ಗಿ ಬಗ್ಗಿ ಬೆನ್ನೇ ಗೂನಾದವನು. ಅವನು ಬಂದಾಗ ಟೈಲರಮ್ಮ ಅವನ ತಟ್ಟೆಗೆ ಕೋಳಿಯ ದೊಡ್ಡ ತುಂಡನ್ನೇ ಹಾಕುತ್ತಿದ್ದಳು. ಅವನು ಅವಳ ಮುಖ ನೋಡದೆ "ಸಾಕು ಅತ್ತಿಗೆ" ಎನ್ನುತ್ತಿದ್ದ.

ಬೀದಿಯವರು ಬಂದು ಬೇಲಿಯ ಮೇಲೆ ಕೈಯೂರಿ ನಿಂತು ನೋಡುತ್ತಿದ್ದರು. "ಫೋರ್‌ಮನ್ನರ ಕೈ ಅಂದ್ರೆ ಕೈ," ಎನ್ನುತ್ತಿದ್ದರು. ಅತ್ತೆ ಹಿತ್ತಲ ಮೆಟ್ಟಿಲ ಮೇಲೆ ಕುರ್ಚಿ ಹಾಕಿಸಿಕೊಂಡು, ಹೊಗಳಿಕೆಯನ್ನೆಲ್ಲ ಮಗನ ಪರವಾಗಿ ತಾವೇ ಸ್ವೀಕರಿಸುತ್ತಿದ್ದರು.

ಒಂದು ಮಧ್ಯಾಹ್ನ ಗಂಡ ಕಾರಿನ ಮುಂದಿನ ಎಡಸೀಟನ್ನು ಬಿಚ್ಚಿ, ಎದೆಗವಚಿಕೊಂಡು ತಂದು ಹೊಲಿಗೆ ಯಂತ್ರದ ಪಕ್ಕ ಇಟ್ಟ. ಸೀಟಿನ ಹೊದಿಕೆ ತೊಡೆಯ ಭಾಗದಲ್ಲಿ ಉದ್ದಕ್ಕೆ ಸೀಳಿತ್ತು. ಆವತ್ತು ಅವಳನ್ನು ಹೊರಗೆ ತೆಗೆಯಲು ಯಾರೋ ಚಾಕು ಹಾಕಿದ ಸೀಳು.

"ಇದಕ್ಕೊಂದು ಹೊಸ ಕವರು ಹೊಲಿದುಬಿಡು. ಕಪ್ಪು ಬಟ್ಟೆ, ಅಂಚಿಗೆ ಕೆಂಪು ಪೈಪಿಂಗ್. ನಿನ್ನ ಕೈಯಿಂದಾದ್ರೆ ನೀಟಾಗಿ ಬರುತ್ತೆ."

ಟೈಲರಮ್ಮ ಯಂತ್ರ ನಿಲ್ಲಿಸಿದಳು. "ಯಾರ ಸೀಟಿದು?"

"ಯಾರದ್ದು ಅಂದ್ರೆ? ಕಾರಿಂದು."

"ಇದರಲ್ಲಿ ಯಾರು ಕೂತಿದ್ರು ಅಂತ ಕೇಳಿದೆ."

ಅವನು ತಲೆ ಕೆರೆದುಕೊಂಡ. "ಅದೆಲ್ಲ ಈಗ್ಯಾಕೆ? ಹೊಸದಾಗಲಿ ಅಂತಾನೇ ಅಲ್ವಾ ಇಷ್ಟೆಲ್ಲ ಮಾಡ್ತಿರೋದು."

"ನಾನು ಹೊಲಿಯಲ್ಲ."

"ಒಂದು ದಿನದ ಕೆಲಸ ಕಣೇ."

"ಒಂದು ಗಂಟೆಯದಾದ್ರೂ ಹೊಲಿಯಲ್ಲ. ತಗೊಂಡು ಹೋಗಿ."

ಅವನು ಸೀಟು ಎತ್ತಿಕೊಂಡು ಹೊರಟವನು ಬಾಗಿಲಲ್ಲಿ ಮಗನಿಗೆ ಹೇಳಿದ್ದು ಅವಳ ಕಿವಿಗೂ ಬಿತ್ತು. "ಪಾಪ ಕಣೋ, ನಿಮ್ಮಮ್ಮನಿಗೆ ಇನ್ನೂ ಆ ಕಾರು ಕಂಡ್ರೆ ಭಯ. ಹಾಳು ನಾಯಿ."

ಟೈಲರಮ್ಮ ಪೆಡಲು ಒತ್ತಿದ ರಭಸಕ್ಕೆ ಸೂಜಿ ಮುರಿಯಿತು.

*

ಹಳೆಯ ಕಾರುಗಳ ಸಂಘದ ಕಾರ್ಯದರ್ಶಿ ಊಟಕ್ಕೆ ಬಂದ ದಿನ ಎಂಜಿನ್ ಮೊದಲ ಸಲ ಉಸಿರಾಡಿತ್ತು. ಕೆಮ್ಮಿ, ಉಗುಳಿ, ಹೊಗೆ ಕಾರಿ, ಕೊನೆಗೆ ಒಂದೇ ಸಮನೆ ಗುರುಗುಟ್ಟಿತು. ಮಗ ಕುಣಿದ. ಉದ್ದಣ್ಣ ಬಾನೆಟ್ ತಟ್ಟಿದ. ಅದೇ ಖುಷಿಯಲ್ಲಿ ಎಲ್ಲರೂ ಊಟಕ್ಕೆ ಕೂತರು. ಟೈಲರಮ್ಮ ಬೆಳಿಗ್ಗೆಯಿಂದ ಒಲೆಯ ಮುಂದೆ ನಿಂತು ಎಡಗಾಲು ಊದಿಕೊಂಡಿತ್ತು. ಬಡಿಸುತ್ತ ಅವಳು ಮೇಜಿನ ಅಂಚು ಹಿಡಿದುಕೊಂಡೇ ಓಡಾಡುತ್ತಿದ್ದಳು.

ಕಾರ್ಯದರ್ಶಿ ದುಂಡು ಮುಖದ, ಸಡಿಲ ನಗೆಯ ಮನುಷ್ಯ. "ಅಲ್ಲಾ ಸಾರ್, ಇಷ್ಟು ಚೆನ್ನಾಗಿರೋ ಗಾಡಿ ಎಡಗಡೆ ಹಾಗೆ ಜಜ್ಜಿಹೋಗಿದೆಯಲ್ಲ, ಏನಾಗಿತ್ತು?" ಎಂದು ಕೇಳಿದ.

ಗಂಡ ಕೈಯಲ್ಲಿದ್ದ ಬ್ರೆಡ್ಡಿನ ತುಂಡನ್ನು ತಟ್ಟೆಯಲ್ಲಿಟ್ಟ. ಕತೆ ಹೇಳುವಾಗ ಅವನಿಗೆ ಎರಡು ಕೈಯೂ ಬೇಕು. "ನಾಯಿ ಸಾರ್! ಕರೀ ನಾಯಿ. ಸೇತುವೆ ಹತ್ರ ತಿರುವು. ನಾನು ನಿಧಾನವಾಗೇ ಬರ್ತಿದ್ದೆ. ಪೊದೆಯಿಂದ ಬಾಣದ ಹಾಗೆ ಬಂತು. ಎಡಕ್ಕೆ ಎಳೆದೆ. ನಾಯಿ ಉಳೀತು, ಕಾರು ಹೋಯ್ತು. ಆಮೇಲೆ ಆ ನಾಯಿ ಕಟ್ಟೆ ಮೇಲೆ ಕೂತು ನನ್ನನ್ನೇ ನೋಡ್ತಿತ್ತು, ಯಾವನಪ್ಪ ಇವನು, ಡ್ರೈವಿಂಗ್ ಬರಲ್ವಾ ಅನ್ನೋ ಹಾಗೆ!"

ಕಾರ್ಯದರ್ಶಿ ನಕ್ಕ. ಮಗ ನಕ್ಕ. ನಾಯಿ ಕಟ್ಟೆಯ ಮೇಲೆ ಕೂತದ್ದು ಈ ಸಲ ಹೊಸದಾಗಿ ಸೇರಿಕೊಂಡಿತ್ತು. ಉದ್ದಣ್ಣ ಮಾತ್ರ ತಟ್ಟೆಯಲ್ಲಿದ್ದ ಮೂಳೆಯನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಸಿದ.

"ನಾಯಿ ಇರಲಿಲ್ಲ," ಎಂದಳು ಟೈಲರಮ್ಮ.

ಆಲೂಗಡ್ಡೆಯ ಬಟ್ಟಲು ಅವಳ ಕೈಯಲ್ಲೇ ಇತ್ತು. ದನಿಯನ್ನೂ ಏರಿಸಿರಲಿಲ್ಲ. ಆದರೂ ಎಲ್ಲರ ಕೈಗಳೂ ನಿಂತವು.

"ಏನಮ್ಮಾ?" ಎಂದ ಮಗ.

"ನಾಯಿ ಇರಲಿಲ್ಲ. ಕರೀದೂ ಇರಲಿಲ್ಲ, ಬಿಳೀದೂ ಇರಲಿಲ್ಲ. ನಿಮ್ಮಪ್ಪ ಪಂದ್ಯ ಕಟ್ಟಿದ್ರು. ಸೇತುವೆಗೆ ಯಾರು ಮೊದಲು ಅಂತ. ನಿಧಾನ ಮಾಡಿ, ನಿಧಾನ ಮಾಡಿ ಅಂತ ನಾನು ಬಡ್ಕೊಳ್ತಿದ್ದೆ. ಹೆದರುಪುಕ್ಲಿ ಅಂತ ನಕ್ಕೊಂಡು ಇನ್ನೂ ಒತ್ತಿದ್ರು."

"ಯಾರ ಜೊತೆ ಪಂದ್ಯ?" ಎಂದು ಮಗಳು ಕೇಳಿದಳು.

ಉದ್ದಣ್ಣ ಎದ್ದ. ತಟ್ಟೆಯನ್ನು ತಾನೇ ಎತ್ತಿಕೊಂಡು ಹೋಗಿ ತೊಟ್ಟಿಯಲ್ಲಿಟ್ಟು, ಕೈ ತೊಳೆದು, "ಬರ್ತೀನಿ ಅತ್ತಿಗೆ," ಎಂದು ಹಿತ್ತಲ ಬಾಗಿಲಿಂದ ಬಗ್ಗಿ ಹೊರಟುಹೋದ. ಕಾರ್ಯದರ್ಶಿಗೂ ಏನೋ ತುರ್ತು ಕೆಲಸ ನೆನಪಾಯಿತು.

ಹೊರಗಿನವರ ಹೆಜ್ಜೆ ಬೀದಿ ಸೇರುವ ತನಕ ಗಂಡ ಕಾದ. ಆಮೇಲೆ ಮೇಜಿಗೆ ಗುದ್ದಿದ.

"ಪರರ ಮುಂದೆ ನನ್ನ ಮರ್ಯಾದೆ ತೆಗೆಯೋಕೆ ಇವತ್ತೇ ಬೇಕಿತ್ತಾ ನಿನಗೆ?"

"ಪರರ ಮುಂದೆ ನನ್ನ ಕಾಲನ್ನ ತಮಾಷೆ ಮಾಡೋಕೆ ನಿಮಗೆ ಇವತ್ತೇ ಬೇಕಿತ್ತಾ?"

"ಯಾರು ತಮಾಷೆ ಮಾಡಿದ್ದು? ನಾಯಿ ಬಗ್ಗೆ ಹೇಳಿದೆ."

"ಆ ನಾಯಿಗೆ ವರ್ಷ ವರ್ಷ ಬಾಲ ಬೆಳೀತಿದೆ. ಇವತ್ತು ಕಟ್ಟೆ ಮೇಲೆ ಕೂತ್ಕೊಂಡಿತು. ನಾಳೆ ಮಾತಾಡುತ್ತೆ."

"ಇಷ್ಟು ವರ್ಷ ನಿನ್ನ ಸಾಕಿಲ್ವಾ ನಾನು? ಆಸ್ಪತ್ರೆ, ಔಷಧಿ, ಏನು ಕಡಿಮೆ ಮಾಡಿದೆ?"

"ಸಾಕೋಕೆ ನಾನೇನು ಬೆಕ್ಕಾ? ಕಾಲು ಹೋದ ಮೂರನೇ ತಿಂಗಳಿಗೆ ಕುರ್ಚಿ ಮೇಲೆ ಕೂತು ಲಂಗ ಹೊಲಿದಿದ್ದೀನಿ. ಕೇಳಿ ಬೀದಿಯವರನ್ನ."

ಮಗಳು ಅಪ್ಪನ ಮೇಲೆ ತಿರುಗಿ ಬೀಳುತ್ತಾಳೆ ಎಂದು ಟೈಲರಮ್ಮ ಎಣಿಸಿದ್ದಳು. ಅವಳು ತಿರುಗಿದ್ದು ಅಮ್ಮನ ಮೇಲೆ. "ನೀನೂ ಸುಳ್ಳು ಹೇಳಿದೆ. ಶಾಲೇಲಿ ಟೀಚರ್ ಕೇಳಿದಾಗ ನಾನು ನಾಯಿ ಅಂದೆ. ನಾಯಿ ಚಿತ್ರ ಬರೆದಿದ್ದೆ ಕಣಮ್ಮ. ನೀನೇ ಅದನ್ನ ಗೋಡೆಗೆ ಅಂಟಿಸಿದ್ದೆ."

ಇದಕ್ಕೆ ಉತ್ತರ ಕೊಟ್ಟವರು ಅತ್ತೆ.

"ಅವಳನ್ನ ಯಾಕೆ ಬೈತೀಯ? ನಾಯಿ ಹುಟ್ಟಿಸಿದ್ದು ನಾನು. ಪೊಲೀಸ್ನೋರು ಆಸ್ಪತ್ರೆ ಬಾಗಿಲಲ್ಲಿ ನಿಂತಿದ್ರು. ನನ್ನ ಮಗ ಜೈಲಿಗೆ ಹೋದ್ರೆ ನಿನಗೆ ಗಂಜಿ ಯಾರು ಹಾಕ್ತಿದ್ರು? ಇವಳ ಕಿವೀಲಿ ನಾಯಿ ಅನ್ನು ಅಂದೆ. ಅಂದಳು. ಅಷ್ಟೇ ಕತೆ. ಇಷ್ಟು ವರ್ಷ ಹೊಟ್ಟೇಲಿಟ್ಕೊಂಡಿದ್ದವಳು ಇನ್ನಷ್ಟು ದಿನ ಇಟ್ಕೋಬಹುದಿತ್ತು."

"ನೀವು ಇಟ್ಕೊಳ್ಳಿ ಅತ್ತೆ. ನಿಮ್ಮ ಹೊಟ್ಟೆ ದೊಡ್ಡದು," ಎಂದು ಟೈಲರಮ್ಮ ಬಟ್ಟಲನ್ನು ಮೇಜಿನ ಮೇಲೆ ಕುಕ್ಕಿದಳು.

*

ಮನೆ ಎರಡಾಯಿತು. ಗಂಡ ತನ್ನ ತಟ್ಟೆಯನ್ನು ಶೆಡ್ಡಿಗೇ ತರಿಸಿಕೊಂಡ. ಒಯ್ದು ಕೊಡುವ ಕೆಲಸ ಅತ್ತೆಯದಾಯಿತು. ಅವರು ಗೊಣಗುತ್ತ ಮೆಟ್ಟಿಲಿಳಿದು, ಗೊಣಗುತ್ತ ಹತ್ತುತ್ತಿದ್ದರು. ಮಗ ಅಪ್ಪನ ಹತ್ತಿರ ಹೋಗುವುದನ್ನು ಬಿಟ್ಟ. ಮಗಳು ಯಾರ ಜೊತೆಯೂ ಮಾತಾಡದೆ ಹೆಚ್ಚುವರಿ ಪಾಳಿ ಕೇಳಿ ಪಡೆದು ಆಸ್ಪತ್ರೆಯಲ್ಲೇ ಇರತೊಡಗಿದಳು. ಟೈಲರಮ್ಮ ಎಲ್ಲರಿಗೂ ಅಡುಗೆ ಮಾಡಿದಳು, ಎಲ್ಲರ ಬಟ್ಟೆ ಒಗೆದಳು, ಗಂಡನ ಎಣ್ಣೆ ಬಟ್ಟೆಗಳನ್ನೊಂದು ಬಿಟ್ಟು. ಆ ಗುಡ್ಡೆ ಬೆಳೆಯುತ್ತಾ ಹೋಯಿತು. ಕೊನೆಗೊಂದು ದಿನ ಫೋರ್‌ಮನ್ ತಾನೇ ಬಕೆಟ್ಟು ಹಿಡಿದು ಕೂತ. ಸೋಪು ಹಾಕಿ ಉಜ್ಜಿ ಉಜ್ಜಿ ಅವನ ಬೆರಳು ಸುಲಿದವು. ಎಣ್ಣೆಯ ಕಲೆ ಹೋಗಲಿಲ್ಲ.

ಇನ್ನೊಂದು ಬೆಳಿಗ್ಗೆ ಅವನು ಅಂಗಡಿಗೆ ಹೋಗಿದ್ದಾಗ ಟೈಲರಮ್ಮ ಮಗನನ್ನು ಕರೆದಳು. "ಆ ಕಡೆ ಹಿಡಿ." ಇಬ್ಬರೂ ಗೇರ್‌ಬಾಕ್ಸನ್ನು ಎತ್ತಿ ಹಿತ್ತಲ ಮಣ್ಣಿನ ಮೇಲೆ ಇಟ್ಟರು. ಅವಳು ಮೇಜನ್ನು ಬಿಸಿನೀರು, ಬೂದಿ ಹಾಕಿ ತಿಕ್ಕಿದಳು. ಗಂಡ ಬಂದು ನೋಡಿದ. ಅವನ ಮುಖ ಕೆಂಪಗಾಯಿತು.

"ಮಣ್ಣಲ್ಲಿಟ್ಟಿದ್ದೀಯ?"

"ಒಂದು ವಾರ, ಅಷ್ಟೆ," ಎಂದಳು ಟೈಲರಮ್ಮ.

ಅವನು ಬೈಯಲು ಬಾಯಿ ತೆರೆದ. ಮಗ ಇಬ್ಬರ ನಡುವೆ ಬಂದು ನಿಂತ. "ಮುಟ್ಟಬೇಡಿ ಅಪ್ಪ. ಮೇಜು ಅಮ್ಮಂದು."

ಫೋರ್‌ಮನ್ ಸುಮ್ಮನೆ ಗೇರ್‌ಬಾಕ್ಸಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ಅದರ ಬಾಯಿಗೆ ಬಟ್ಟೆ ತುರುಕಿದ. ಆ ದಿನದಿಂದ ಅವನೊಬ್ಬನೇ ಕೆಲಸ ಮಾಡಿದ. ಒಬ್ಬನೇ ಎತ್ತಿದ, ಒಬ್ಬನೇ ಬಿಗಿದ. ಬೇಲಿಯ ಹತ್ತಿರ ನಿಲ್ಲುತ್ತಿದ್ದವರೂ ಮನೆಯ ಬಿಸಿ ತಾಗಿ ಒಬ್ಬೊಬ್ಬರಾಗಿ ಕಳಚಿಕೊಂಡರು. ಸೀಟಿಗೆ ಬೇರೆ ಯಾರೋ ಕವರು ಹೊಲಿದರು, ಪೈಪಿಂಗ್ ಸೊಟ್ಟಗಿತ್ತು. ಬಣ್ಣ ಹಾಕುವ ದಿನ ಬಂದಾಗ ಮಗನಿಗೆ ತಡೆಯಲಾಗಲಿಲ್ಲ. ಹಳೆಯ ಕೆಂಪಿಗೆ ಸರಿಹೊಂದುವಂತೆ ಅಂಗಡಿಯಲ್ಲಿ ತಾನೇ ಬೆರೆಸಿದ ಬಣ್ಣ ತಂದು, ಅಪ್ಪನ ಮುಖ ನೋಡದೆ ಹೊಡೆದುಕೊಟ್ಟ.

ಕಾರು ಹೊಳೆಯಿತು. ಅದನ್ನು ಅಲ್ಲವೆನ್ನಲು ಟೈಲರಮ್ಮನಿಗೂ ಆಗುತ್ತಿರಲಿಲ್ಲ. ಜಜ್ಜಿದ ಮಗ್ಗುಲು ನುಣುಪಾಗಿತ್ತು. ಅಲ್ಲಿ ಏನಾದರೂ ಆಗಿತ್ತೆಂದು ಹೇಳುವಂತಿರಲಿಲ್ಲ. ಅದನ್ನು ಕಂಡಷ್ಟೂ ಅವಳ ಮೈ ಉರಿಯಿತು.

*

ಸಂಘದ ಮೇಳಕ್ಕೆ ಅವಳು ಹೋಗುವವಳಲ್ಲ. "ನಾನು ಹಾಕಿದ ಬಣ್ಣ ನೋಡೋಕಾದ್ರೂ ಬಾ ಅಮ್ಮ," ಎಂದು ಮಗ ಹಟ ಹಿಡಿದ. ಬಸ್ಸಿನಲ್ಲಿ ಅವನ ಜೊತೆ ಹೋದಳು. ಮೈದಾನದ ತುಂಬ ಹಳೆಯ ಕಾರುಗಳು, ಅವುಗಳ ಪಕ್ಕ ಕಾರಿಗಿಂತ ಹೆಚ್ಚು ಮಿರುಗುವ ಯಜಮಾನರು. ಸಾಲು ಸಾಲು ಕುರ್ಚಿ ಹಾಕಿದ್ದರು. ಒಬ್ಬೊಬ್ಬರೂ ತಮ್ಮ ಗಾಡಿಯನ್ನು ಮೈಕಿನ ಪಕ್ಕ ತಂದು ನಿಲ್ಲಿಸಿ ಅದರ ಕತೆ ಹೇಳಬೇಕು.

ಫೋರ್‌ಮನ್‌ನ ಸರದಿ ಬಂತು. ಅವನು ಮೈಕು ಹಿಡಿದು ಮೊದಲ ಸಾಲಿನಲ್ಲಿದ್ದ ಕಾರ್ಯದರ್ಶಿಯ ಮುಖ ನೋಡಿದ.

"ಈ ಕಾರಿಗೆ ನಾಯಿ ಅಡ್ಡ ಬಂದಿತ್ತು ಅಂತ ಇಷ್ಟು ವರ್ಷ ಹೇಳ್ಕೊಂಡು ಬಂದೆ," ಎಂದ. "ಸುಳ್ಳು. ನಾಯಿ ಇರಲಿಲ್ಲ. ಪಂದ್ಯ ಕಟ್ಟಿ ಓಡಿಸ್ತಿದ್ದೆ. ನನ್ನ ಹೆಂಡತಿ ಪಕ್ಕದಲ್ಲಿದ್ದಳು. ಅವಳ ಕಾಲು ಹೋಯ್ತು. ತಪ್ಪು ನಂದು."

ಟೈಲರಮ್ಮ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದಳು. ಇಷ್ಟು ಹೇಳಿ ಅವನು ಮೈಕು ಬಿಟ್ಟಿದ್ದರೆ ಏನಾಗುತ್ತಿತ್ತೋ. ಅವನು ಬಿಡಲಿಲ್ಲ. ಕಣ್ಣು ಒರೆಸಿಕೊಂಡ, ಕಾರಿನ ಬಾನೆಟ್ ಮೇಲೆ ಕೈಯಿಟ್ಟ. "ಇದರ ತುಕ್ಕು ತೆಗೀತಾ ತೆಗೀತಾ ನನ್ನ ಮನಸಿನ ತುಕ್ಕೂ ಹೋಯ್ತು. ಈ ಕಾರು ನನ್ನನ್ನ ಹೊಸ ಮನುಷ್ಯನ ಮಾಡ್ತು."

ಮೈದಾನವೆಲ್ಲ ಚಪ್ಪಾಳೆ. ಕೆಲವರು ಎದ್ದು ನಿಂತೇ ತಟ್ಟಿದರು. ಕಾರ್ಯದರ್ಶಿ ಓಡಿ ಬಂದು ಅವನನ್ನು ತಬ್ಬಿಕೊಂಡ, ಮೈಕು ಕಿತ್ತುಕೊಂಡ. "ಎಂಥಾ ದೊಡ್ಡ ಮನಸ್ಸು ನೋಡಿ! ಅವರ ಮನೆಯವರೂ ಇಲ್ಲೇ ಇದ್ದಾರೆ. ಒಂದು ಸಲ ಎದ್ದು ನಿಲ್ಲಿ ತಾಯಿ, ಎಲ್ಲರೂ ನೋಡಲಿ."

ಎಲ್ಲರೂ ತಿರುಗಿ ನೋಡಿದರು. ಸಡಿಲ ಕುರ್ಚಿ, ಹುಲ್ಲಿನ ನೆಲ. ಅವಳು ಏಳಲು ಹೊತ್ತು ಹಿಡಿಯಿತು. ಏಳುವುದನ್ನು ಅಷ್ಟು ಜನ ನೋಡುತ್ತಿದ್ದರು. ಅವಳು ಎದ್ದು ಕಾಲು ಸೊಟ್ಟಗೆ ಊರಿ ನಿಂತ ಮೇಲೆ ಚಪ್ಪಾಳೆ ಇನ್ನೂ ಜೋರಾಯಿತು. ಪಕ್ಕದ ಕುರ್ಚಿಯ ಹೆಂಗಸು ಅವಳ ಕೈ ಅಮುಕಿ, "ಇಂಥ ಗಂಡ ಸಿಗೋಕೆ ಪುಣ್ಯ ಮಾಡಿರಬೇಕು," ಎಂದಳು.

"ಮಾಡಿದ್ದೀನಲ್ಲ, ಒಂದು ಕಾಲಿನಷ್ಟು," ಎಂದಳು ಟೈಲರಮ್ಮ. ಗದ್ದಲದಲ್ಲಿ ಹೆಂಗಸಿಗೆ ಅದು ಕೇಳಿಸಲಿಲ್ಲ, ಕೇಳಿಸಿದಂತೆ ತಲೆಯಾಡಿಸಿದಳು.

ಮೇಳ ಮುಗಿಯುವಷ್ಟರಲ್ಲಿ ಬಸ್ಸು ಹೋಗಿತ್ತು. ಎರಡೇ ಬಾಗಿಲಿನ ಕಾರಿನಲ್ಲಿ ಹಿಂದೆ ಕೂರಬೇಕಾದರೆ ಮುಂದಿನ ಸೀಟು ಮಡಚಿ ನುಸುಳಬೇಕು. ಅವಳ ಮಂಡಿಗೆ ಅದು ಆಗದು. ಮಗ ಹಿಂದೆ ನುಸುಳಿದ. ಅವಳು ಮುಂದೆ, ಎಡಕ್ಕೆ, ಅದೇ ಸೀಟಿನಲ್ಲಿ ಕೂತು ಬಾಗಿಲ ಹಿಡಿ ಹಿಡಿದುಕೊಂಡಳು. ಗಂಡ ದಾರಿಯುದ್ದಕ್ಕೂ ಅವಳ ಕಡೆ ಓರೆಗಣ್ಣು ಹಾಯಿಸುತ್ತಿದ್ದ. ಏನಾದರೂ ಒಳ್ಳೆಯ ಮಾತು ಬರುತ್ತದೆಂದು ಕಾಯುವವನ ಮುಖ. ದಾರಿ ನೇರವಾಯಿತು, ಖಾಲಿಯಾಯಿತು.

"ಎಂಜಿನ್ ನೋಡು ಹೇಗಿದೆ. ಬೆಣ್ಣೆ," ಎನ್ನುತ್ತ ಅವನು ಒತ್ತಿದ. ಕಾರು ಮುಂದಕ್ಕೆ ಚಿಮ್ಮಿತು.

"ನಿಲ್ಲಿಸು."

ಮದುವೆಯಾದ ದಿನದಿಂದ ಅವನನ್ನು ನೀವು, ರೀ ಎಂದಷ್ಟೇ ಮಾತಾಡಿಸಿದವಳು. ಅವನು ಬ್ರೇಕು ತುಳಿದ. ಅವಳು ಬಾಗಿಲು ತೆರೆದು, ಕಾಲನ್ನು ಎರಡೂ ಕೈಯಿಂದ ಹೊರಗೆತ್ತಿಟ್ಟು ಇಳಿದಳು.

"ಇನ್ನೇನು ಮಾಡಬೇಕೇ ನಾನು? ಊರ ಮುಂದೆ ಒಪ್ಪಿಕೊಂಡೆನಲ್ಲ!"

"ಊರ ಮುಂದೆ ಒಪ್ಪಿಕೊಂಡೆ. ನನ್ನ ಮುಂದೆ ಯಾವತ್ತು ಒಪ್ಪಿಕೊಂಡೆ? ಕಾಲು ನಂದು, ಚಪ್ಪಾಳೆ ನಿಂದು. ಚೆನ್ನಾಗಿದೆ ವ್ಯಾಪಾರ."

ಅವಳು ರಸ್ತೆಯ ಅಂಚು ಹಿಡಿದು ನಡೆಯತೊಡಗಿದಳು. ಮಗ ಹಿಂದಿನಿಂದ ನುಸುಳಿ ಹೊರಬಂದು ಅವಳ ಪಕ್ಕ ಸೇರಿದ. ಅವನು ತೋಳು ಕೊಡಲು ಬಂದರೆ, "ನಡೆಯೋಕೆ ಬರುತ್ತೆ," ಎಂದಳು. ಗಂಡ ಕಾರಿನಲ್ಲಿ ಹಿಂಬಾಲಿಸಿದ. ಚಿರತೆಯಂತೆ ಓಡಬೇಕಿದ್ದ ಕಾರು ಮೊದಲ ಗೇರಿನಲ್ಲಿ ಅವಳ ಕುಂಟು ಹೆಜ್ಜೆಯ ಹಿಂದೆ ತೆವಳಿತು. ಹಿಂದೆ ವಾಹನಗಳು ಸೇರಿ ಹಾರ್ನು ಹೊಡೆದವು. ಒಬ್ಬ ಲಾರಿ ಚಾಲಕ ತಲೆ ಹೊರಹಾಕಿ ಬೈದುಕೊಂಡು ಹೋದ. ಟೈಲರಮ್ಮ ತಿರುಗಿ ನೋಡಲಿಲ್ಲ. ಸ್ವಲ್ಪ ದೂರದಲ್ಲಿ ಎಂಜಿನ್ ಕಾದು ಬಾನೆಟ್ಟಿನಿಂದ ಹಬೆ ಎದ್ದಿತು. ಸದ್ದು ನಿಂತಿತು. ಆಮೇಲೆ ಅವಳ ಹಿಂದೆ ಕೇಳಿಸಿದ್ದು ಅವನ ಚಪ್ಪಲಿಯ ಸದ್ದು ಮಾತ್ರ.

*

ಮನೆ ಸೇರಿದಾಗ ದೀಪ ಹಚ್ಚುವ ಹೊತ್ತು. ಮಗಳು ಬಾಗಿಲಲ್ಲಿದ್ದ ಅಮ್ಮನ ಮುಖ ನೋಡಿ, ಏನೂ ಕೇಳದೆ ಕುರ್ಚಿ ಎಳೆದು, ಬಕೆಟ್ಟಿನಲ್ಲಿ ಬಿಸಿನೀರು ತಂದು ಅವಳ ಕಾಲನ್ನು ಅದರಲ್ಲಿ ಇಳಿಬಿಟ್ಟಳು. ಮಂಡಿ ಕುಂಬಳಕಾಯಿಯಷ್ಟಾಗಿತ್ತು. ಮಗಳು ಕೆಳಗೆ ಕೂತು ಅದನ್ನು ಮೆಲ್ಲಗೆ ಒತ್ತತೊಡಗಿದಳು. ಬಹಳ ದಿನದ ಮೇಲೆ ಅಮ್ಮನನ್ನು ಮುಟ್ಟಿದ್ದು ಅವಳು.

ಗಂಡ ಒಳಗೆ ಬಂದು ಗೋಡೆಗೆ ಒರಗಿ ನಿಂತ.

"ಕಾರೆಲ್ಲೋ?" ಎಂದು ಕೇಳಿದರು ಅತ್ತೆ.

"ದಾರೀಲಿದೆ."

"ಬಾಗಿಲು ಹಾಕಿ ಬಂದ್ಯಾ?"

ಅವನು ಹೆಂಡತಿಯ ಮಂಡಿಯನ್ನೇ ನೋಡುತ್ತಿದ್ದ. ಆ ಮಂಡಿಯನ್ನು ಅವನು ಕಣ್ಣಿಟ್ಟು ನೋಡಿ ಎಷ್ಟು ಕಾಲವಾಗಿತ್ತೋ.

"ಆವತ್ತು," ಎಂದು ಶುರುಮಾಡಿದ. "ಆವತ್ತು ಕಾರು ಬಡಿದ ಮೇಲೆ ನೀನು ಒಳಗಿಂದ ಏನೋ ಕೂಗ್ತಿದ್ದೆ. ನನಗೆ ಕೇಳಿಸ್ತಿರಲಿಲ್ಲ. ಏನು ಕೂಗ್ತಿದ್ದೆ?"

ಅಡುಗೆಮನೆಯಲ್ಲಿ ಮಗ ತಟ್ಟೆ ಜೋಡಿಸುತ್ತಿದ್ದ ಸದ್ದು ನಿಂತಿತು.

"ನಿನ್ನ ಹೆಸರು ಕೂಗ್ತಿದ್ದೆ," ಎಂದಳು ಟೈಲರಮ್ಮ. ಏಕವಚನ ಕೇಳಿ ಅತ್ತೆ ಬಾಯಿ ತೆರೆದವರು ಮತ್ತೆ ಮುಚ್ಚಿಕೊಂಡರು. "ಹೆಂಡತಿ ಹೆಸರು ಹಿಡಿದು ಕೂಗಿದ್ರೆ ಹೇಗೂ ಬರ್ತಾನೆ ಅಂತ ಕೂಗಿದೆ. ನೀನು ಇಳಿದೆ. ಮೈಗೆ ಒಂದು ಗೀರೂ ಆಗಿರಲಿಲ್ಲ ನಿನಗೆ. ನನ್ನ ಕಡೆ ಬರಲಿಲ್ಲ. ಕಾರಿನ ಮುಂದಕ್ಕೆ ಹೋದೆ. ಬಾನೆಟ್ ಮೇಲೆ ಕೈಯಿಟ್ಟು, ತಲೆ ಬಗ್ಗಿಸಿ, ಎಲ್ಲೆಲ್ಲಿ ಪೆಟ್ಟಾಗಿದೆ ಅಂತ ನೋಡ್ತಾ ನಿಂತೆ. ನಾನು ಗಾಜಿನ ಹಿಂದಿಂದ ನಿನ್ನನ್ನ ನೋಡ್ತಿದ್ದೆ. ಬಾಗಿಲು ಕಿತ್ತಿದ್ದು ಉದ್ದಣ್ಣ. ಸೀಟು ಕುಯ್ದು ನನ್ನನ್ನ ಎಳೆದಿದ್ದೂ ಅವನೇ. ಪಂದ್ಯ ಬಿಟ್ಟು ಅವನು ವಾಪಸ್ ಓಡಿ ಬಂದ. ನೀನು ಅಲ್ಲೇ ಇದ್ದೆ."

"ನಾನಾ?" ಎಂದ ಅವನು.

"ನೀನೇ."

"ನನಗೆ... ನೆನಪಿಲ್ಲ ಕಣೇ."

"ನಿನಗೆ ನೆನಪಿರಲ್ಲ. ನೆನಪಿಟ್ಕೊಳ್ಳೋ ಕೆಲಸ ನಂದಾಗಿತ್ತು. ಪಂದ್ಯ ಕಟ್ಟಿದ್ದಕ್ಕೆ ನನಗೆ ಸಿಟ್ಟು ಅಂತ ತಿಳ್ಕೊಂಡ್ಯಾ? ವಯಸ್ಸಿನ ಹುಚ್ಚು ಅಂತ ಅದನ್ನ ಯಾವತ್ತೋ ಬಿಟ್ಟೆ. ಆ ಬಾನೆಟ್ ಮೇಲಿನ ಕೈ ಬಿಡಲಿಲ್ಲ ನನ್ನನ್ನ. ಇವತ್ತೂ ಮೈಕಲ್ಲಿ ನನ್ನ ಕಾಲಿನ ಬಗ್ಗೆ ಹೇಳ್ತಾ ಕೈ ಎಲ್ಲಿಟ್ಟಿದ್ದೆ ನೀನು?"

ಮಗಳ ಕೈ ಮಂಡಿಯ ಮೇಲೆ ಹಾಗೇ ನಿಂತಿತ್ತು. ಅತ್ತೆ ಗೋಡೆಯ ಕಡೆ ಮುಖ ತಿರುಗಿಸಿದರು. ಗಂಡನ ಕಣ್ಣು ತುಂಬಿತು. ಅವನ ಕೈ ಜೇಬಿನಲ್ಲಿ ಕರವಸ್ತ್ರ ಹುಡುಕಿತು.

"ಅಳೋದಾದ್ರೆ ಆಮೇಲೆ ಅಳು," ಎಂದಳು ಟೈಲರಮ್ಮ. "ನಾನು ಹೇಳಿ ಮುಗಿಸಿಲ್ಲ. ಕೂತ್ಕೋ."

ಕುರ್ಚಿ ಹತ್ತಿರದಲ್ಲೇ ಇತ್ತು. ಅವನು ಅದನ್ನು ಎಳೆದುಕೊಳ್ಳಲಿಲ್ಲ. ಬಕೆಟ್ಟಿನ ಪಕ್ಕ, ಒದ್ದೆ ನೆಲದ ಮೇಲೆ ಕೂತ.